ಸ್ಪೀಕರ್ ಮೊದಲು, ರಿಸೀವರ್ ಆಮೇಲೆ: ನಮ್ಮ ಹಾಲ್‌ನಲ್ಲಿ ನಾನು ಹಾಕಿದ ಲೆಕ್ಕ

ಹೋಮ್ ಥಿಯೇಟರ್ ಮಾಡಿಸಲು ಹೊರಟ ಬಂಧುಗಳು, ಗೆಳೆಯರು ನನ್ನನ್ನು ಮೊದಲು ಕೇಳುವುದು ಇಷ್ಟೇ: "ಎಷ್ಟು ವಾಟ್‌ನ ರಿಸೀವರ್ ತೆಗೆದುಕೊಳ್ಳಲಿ?" ರಿಸೀವರ್ ಎಂದರೆ ಸಿನಿಮಾದ ಸದ್ದನ್ನು ತೆಗೆದುಕೊಂಡು, ತನ್ನೊಳಗಿನ ಆಂಪ್ಲಿಫೈಯರ್‌ನಿಂದ ಬಲಪಡಿಸಿ ಎಲ್ಲ ಸ್ಪೀಕರ್‌ಗಳಿಗೂ ಹಂಚುವ ಉಪಕರಣ. ನಾನು ಅವರನ್ನೇ ತಿರುಗಿ ಕೇಳುತ್ತೇನೆ. ಸ್ಪೀಕರ್ ಯಾವುದು? ಸೋಫಾ ಅದರಿಂದ ಎಷ್ಟು ದೂರದಲ್ಲಿದೆ? ಸಿನಿಮಾ ಎಷ್ಟು ಜೋರಾಗಿ ನೋಡುತ್ತೀರಿ? ಇವಕ್ಕೆ ಉತ್ತರ ಸಿಕ್ಕರೆ ವಾಟ್ ತಾನಾಗಿ ಹೊರಬೀಳುತ್ತದೆ. ಉತ್ತರವಿಲ್ಲದೆ ಅಂಗಡಿಗೆ ಹೋದರೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಂಖ್ಯೆಯೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಮೈಸೂರಿನ ನಮ್ಮ ಮನೆಯಲ್ಲಿ ರಿಸೀವರ್‌ಗಿಂತ ಮೊದಲು ಬಂದದ್ದು ಸ್ಪೀಕರ್‌ಗಳು. ಮುಂದಿನ ಎಡ ಬಲಕ್ಕೆ ಕೆಇಎಫ್ ಕ್ಯೂ350, ನಡುವೆ ಅದೇ ಸರಣಿಯ ಸೆಂಟರ್ ಸ್ಪೀಕರ್. ಕ್ಯೂ350ರ ವಿವರಪತ್ರದಲ್ಲಿ ನಾನು ಹುಡುಕಿದ್ದು ಎರಡು ವಿವರಗಳನ್ನು: ಸೆನ್ಸಿಟಿವಿಟಿ 87 ಡೆಸಿಬಲ್, ಇಂಪೀಡೆನ್ಸ್ (ಕರೆಂಟ್ ಹರಿವಿಗೆ ಸ್ಪೀಕರ್ ಒಡ್ಡುವ ತಡೆ) 8 ಓಮ್ ಮತ್ತು ಅದರ ಪಕ್ಕದಲ್ಲೇ ಕನಿಷ್ಠ 3.7 ಓಮ್. ಸ್ಪೀಕರ್ ತಡೆದುಕೊಳ್ಳಬಲ್ಲ ಗರಿಷ್ಠ ವಾಟ್ ಕೂಡ ಅಲ್ಲಿರುತ್ತದೆ. ರಿಸೀವರ್ ಆಯ್ಕೆಗೆ ಅದು ಬಹುಮಟ್ಟಿಗೆ ಉಪಯೋಗವಿಲ್ಲದ ಅಂಕಿ.

ಸೆನ್ಸಿಟಿವಿಟಿ 87 ಎಂದರೆ, ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ 87 ಡೆಸಿಬಲ್ ಸದ್ದು ಬರುತ್ತದೆ. 8 ಓಮ್ ಭಾರಕ್ಕೆ 2.83 ವೋಲ್ಟ್ ಎಂದರೆ ಸರಿಯಾಗಿ 1 ವಾಟ್. 4 ಓಮ್ ಸ್ಪೀಕರ್‌ಗೆ ಅದೇ ವೋಲ್ಟ್ ಕೊಟ್ಟರೆ 2 ವಾಟ್ ಖರ್ಚಾಗುತ್ತದೆ. ಆದ್ದರಿಂದ 4 ಓಮ್ ಸ್ಪೀಕರ್‌ನ ಅಂಕಿಯನ್ನು 8 ಓಮ್ ಸ್ಪೀಕರ್‌ನ ಅಂಕಿಯ ಜೊತೆ ಹೋಲಿಸುವಾಗ 3 ಡೆಸಿಬಲ್ ಕಳೆದುಕೊಂಡು ನೋಡುತ್ತೇನೆ. ನೆನಪಿಡಬೇಕಾದ ಇನ್ನೊಂದು ಲೆಕ್ಕವೂ ಇದೆ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಸದ್ದು ಎರಡು ಪಟ್ಟಾದಂತೆ ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. 80 ವಾಟ್ ರಿಸೀವರ್‌ಗೂ 100 ವಾಟ್ ರಿಸೀವರ್‌ಗೂ ನಡುವಿನ ಅಂತರ ಸುಮಾರು 1 ಡೆಸಿಬಲ್. ಆ ಒಂದು ಡೆಸಿಬಲ್‌ಗಾಗಿ ಜನರು ಸುರಿಯುವ ಹಣ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಸೋಫಾ ಸ್ಪೀಕರ್‌ಗಳಿಂದ 3 ಮೀಟರ್ ದೂರದಲ್ಲಿದೆ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಕರಗುತ್ತದೆ, 3 ಮೀಟರ್‌ಗೆ ಸುಮಾರು 9.5. ಕೋಣೆಯಲ್ಲಿ ಗೋಡೆ, ಛಾವಣಿಗಳಿಂದ ಸದ್ದು ಮರಳಿ ಬರುವುದರಿಂದ ನಷ್ಟ ಅಷ್ಟಾಗುವುದಿಲ್ಲ. ನಾನು 3 ಡೆಸಿಬಲ್ ಜಮೆ ಹಿಡಿಯುತ್ತೇನೆ. ಚಿತ್ರಮಂದಿರದ ಮಾನದಂಡದ ಪ್ರಕಾರ, ಮುಖ್ಯ ಸ್ಪೀಕರ್ ಒಂದೊಂದರ ಅತಿ ಜೋರಿನ ಕ್ಷಣ ಆಸನದಲ್ಲಿ 105 ಡೆಸಿಬಲ್ ಮುಟ್ಟಬೇಕು. ಕ್ಯಾಲಿಬ್ರೇಷನ್, ಅಂದರೆ ಕೋಣೆಗೆ ತಕ್ಕಂತೆ ಸ್ಪೀಕರ್‌ಗಳ ಮಟ್ಟ ಹೊಂದಿಸುವ ಕೆಲಸ, ಮುಗಿಸಿದ ರಿಸೀವರ್‌ನಲ್ಲಿ ವಾಲ್ಯೂಮ್ ಸೊನ್ನೆ ಎಂದು ತೋರಿಸುವುದು ಇದೇ ಮಟ್ಟವನ್ನು. ನನ್ನ ಸ್ಪೀಕರ್‌ನಿಂದ ಅದನ್ನು ತೆಗೆಯಬೇಕಾದರೆ 105ರಲ್ಲಿ 87 ಕಳೆದು, 9.5 ಕೂಡಿಸಿ, 3 ಕಳೆದರೆ ಉಳಿಯುವುದು 24.5 ಡೆಸಿಬಲ್. ವಾಟ್‌ನಲ್ಲಿ ಹೇಳುವುದಾದರೆ 280. ಮಾಮೂಲಿ ರಿಸೀವರ್ ಯಾವುದೂ ಅಷ್ಟು ಕೊಡುವುದಿಲ್ಲ. ಆದರೆ ಅಕ್ಕಪಕ್ಕದ ಮನೆಯವರಿರುವ ಬೀದಿಯಲ್ಲಿ ಸೊನ್ನೆಯಲ್ಲಿಟ್ಟು ಸಿನಿಮಾ ನೋಡುವವರು ಯಾರಿದ್ದಾರೆ? ನಮ್ಮ ಮನೆಯಲ್ಲಿ ಸಾಮಾನ್ಯವಾಗಿ ಮೈನಸ್ 15, ಹಬ್ಬಕ್ಕೆ ಮನೆ ತುಂಬ ಜನ ಸೇರಿದಾಗ ಮೈನಸ್ 10.

ಕಾಗದದ ಲೆಕ್ಕವನ್ನೇ ನಂಬಿ ಕೂರಲಿಲ್ಲ. ಅಳತೆ ಮಾಡುವ ಸುಲಭ ವಿಧಾನವೊಂದಿದೆ. ಹೊಸ ರಿಸೀವರ್‌ಗೆ ಹಣ ಹಾಕುವ ಮೊದಲು ಪ್ರತಿಯೊಬ್ಬರೂ ಇದನ್ನು ಮಾಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಗೆಳೆಯನಿಂದ ಹಳೆಯ ರಿಸೀವರ್ ಎರವಲು ತಂದು ಸ್ಪೀಕರ್‌ಗಳಿಗೆ ಜೋಡಿಸಿದೆ. ಚೆನ್ನಾಗಿ ಗೊತ್ತಿರುವ ಸಿನಿಮಾದ ಗದ್ದಲದ ದೃಶ್ಯ ಹಾಕಿ, ಮನೆಯವರೆಲ್ಲ ಇಷ್ಟು ಸಾಕು ಎನ್ನುವ ಜಾಗಕ್ಕೆ ವಾಲ್ಯೂಮ್ ತಂದು ಬಿಟ್ಟೆ. ರಾತ್ರಿ ವೇಳೆಗೆಂದು ಸದ್ದನ್ನು ಸಮಮಾಡುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಿದೆ. ಆಮೇಲೆ ವಾಲ್ಯೂಮ್ ಮುಟ್ಟದೆ, ಗರಿಷ್ಠ ಮಟ್ಟಕ್ಕಿಂತ 20 ಡೆಸಿಬಲ್ ಕೆಳಗೆ ಮುದ್ರಿಸಿದ 200 ಹರ್ಟ್ಸ್ ಸ್ವರದ ಫೈಲ್ ಹಚ್ಚಿ, ಸ್ಪೀಕರ್‌ನ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್‌ನಿಂದ ಎಸಿ ವೋಲ್ಟೇಜ್ ಅಳೆದೆ. ಮಲ್ಟಿಮೀಟರ್‌ನ ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ಜಾಗ್ರತೆ ಬೇಕು. 200 ಹರ್ಟ್ಸ್ ಏಕೆಂದರೆ ಅಗ್ಗದ ಮೀಟರ್ ಕೂಡ ಅಲ್ಲಿ ಸರಿಯಾಗಿ ತೋರಿಸುತ್ತದೆ, ಮತ್ತು ಸಬ್‌ವೂಫರ್‌ಗೆ (ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್) ಹೋಗುವ ತಗ್ಗಿನ ಸದ್ದುಗಳಿಗಿಂತ ಅದು ಸಾಕಷ್ಟು ಮೇಲಿದೆ.

ಮೀಟರ್ ತೋರಿಸಿದ್ದು ಹೆಚ್ಚುಕಡಿಮೆ 1 ವೋಲ್ಟ್. 20 ಡೆಸಿಬಲ್ ಎಂದರೆ ವೋಲ್ಟೇಜ್‌ನಲ್ಲಿ ಹತ್ತು ಪಟ್ಟು. ಹಾಗಾಗಿ ಡಿಸ್ಕ್‌ನಲ್ಲಿರುವ ಅತಿ ಜೋರಿನ ಸದ್ದು ಬಂದಾಗ ಸ್ಪೀಕರ್‌ಗೆ ಹೋಗುವುದು 10 ವೋಲ್ಟ್. ಅದರ ವರ್ಗವನ್ನು 8 ಓಮ್‌ನಿಂದ ಭಾಗಿಸಿದರೆ 12.5 ವಾಟ್. ಕನಿಷ್ಠ 3.7 ಓಮ್ ಹಿಡಿದರೂ 27 ವಾಟ್. ಇನ್ನು 5 ಡೆಸಿಬಲ್ ಏರಿಸಿ ಹಬ್ಬದ ಮಟ್ಟಕ್ಕೆ ಹೋದರೆ 40 ವಾಟ್, ಕನಿಷ್ಠ ಓಮ್‌ನಲ್ಲಿ 85. ಸೊನ್ನೆಗೆ 5 ಡೆಸಿಬಲ್ ಹತ್ತಿರದವರೆಗೂ ತಿರುಗಿಸಿದರೆ ಮಾತ್ರ 125 ಮತ್ತು 270. ನನಗೆ ಬೇಕಾದುದು 8 ಓಮ್‌ಗೆ ನಿಜವಾದ 100 ವಾಟ್ ಕೊಡುವ, ಓಮ್ 4ಕ್ಕೆ ಇಳಿದಾಗ ಕೈಬಿಡದ ರಿಸೀವರ್. ಅದಕ್ಕಿಂತ ಹೆಚ್ಚಿನದು ನಮ್ಮ ಹಾಲ್‌ಗೆ ಬೇಕಾಗಿಲ್ಲ ಎಂಬುದು ಆ ಸಂಜೆಯೇ ಇತ್ಯರ್ಥವಾಯಿತು.

ಓಮ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪೀಕರ್‌ನ ಹಿಂದೆ ಬರೆದ 8 ಓಮ್ ಒಂದು ಹೆಸರು ಮಾತ್ರ. ಸ್ವರದಿಂದ ಸ್ವರಕ್ಕೆ ಆ ಸಂಖ್ಯೆ ಏರಿಳಿಯುತ್ತದೆ. ಒಂದೇ ಸ್ಪೀಕರ್ ಒಂದು ಕಡೆ 20 ಓಮ್ ದಾಟಿ ಇನ್ನೊಂದು ಕಡೆ 4ಕ್ಕಿಂತ ಕೆಳಗಿಳಿಯಬಹುದು. ಅಂತರರಾಷ್ಟ್ರೀಯ ಮಾನದಂಡದಂತೆ ಕನಿಷ್ಠ ಮೌಲ್ಯ ಹೆಸರಿನ ಶೇ. 80ಕ್ಕಿಂತ ಕೆಳಗೆ ಹೋಗಬಾರದು. ಅಂದರೆ 8 ಓಮ್ ಎಂದು ಕರೆಸಿಕೊಳ್ಳಲು ಕನಿಷ್ಠ 6.4 ಇರಬೇಕು. ಮಾರುಕಟ್ಟೆಯಲ್ಲಿ ಬಹಳಷ್ಟು ಸ್ಪೀಕರ್‌ಗಳು ಇದನ್ನು ಪಾಲಿಸುವುದಿಲ್ಲ. ಕನಿಷ್ಠ ಅಂಕಿಯನ್ನು ಮುಚ್ಚಿಡದೆ ಅಚ್ಚು ಹಾಕುವ ತಯಾರಕರ ಬಗ್ಗೆ ನನಗೆ ಗೌರವವಿದೆ. ಓಮ್ ಇಳಿದಂತೆ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಸುರಿಯಬೇಕು, ಹೆಚ್ಚು ಕಾಯುತ್ತದೆ, ಕೊನೆಗೆ ರಕ್ಷಣಾ ಸರ್ಕ್ಯೂಟ್ ಅದನ್ನು ಆರಿಸಿಬಿಡುತ್ತದೆ. ಸಿನಿಮಾದ ಜೋರು ದೃಶ್ಯದಲ್ಲೇ ರಿಸೀವರ್ ಟಕ್ಕೆಂದು ನಿಂತುಹೋದರೆ, ನಾನು ಸ್ಪೀಕರ್ ವೈರಿನ ಎಳೆಗಳು ಎಲ್ಲಾದರೂ ತಾಗಿವೆಯೇ ಎಂದು ನೋಡಿ, ನಂತರ ಈ ಕನಿಷ್ಠ ಓಮ್ ಅನ್ನೇ ಅನುಮಾನಿಸುತ್ತೇನೆ.

ಇನ್ನು ಪೆಟ್ಟಿಗೆಯ ಮೇಲಿನ ವಾಟ್. ಒಂದೇ ರಿಸೀವರ್ ಬಗ್ಗೆ ಎರಡು ಅಂಕಿಗಳು ಕಾಣಿಸುತ್ತವೆ. ದೊಡ್ಡದರ ಕೆಳಗೆ ಸಣ್ಣಕ್ಷರದಲ್ಲಿ 6 ಓಮ್, 1 ಕಿಲೋಹರ್ಟ್ಸ್, ಶೇ. 10 ವಿರೂಪ, ಒಂದು ಚಾನೆಲ್ ಎಂದಿರುತ್ತದೆ. ಚಾನೆಲ್ ಎಂದರೆ ಒಂದು ಸ್ಪೀಕರ್‌ಗೆ ಹೋಗುವ ಸಾಲು. ಶೇ. 10 ವಿರೂಪ ಎಂದರೆ ಕೇಳಲಾಗದಷ್ಟು ಒಡೆದ ಸದ್ದು. ನಾನು ನಂಬುವುದು ಚಿಕ್ಕದನ್ನು: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಶೇ. 0.1ಕ್ಕಿಂತ ಕಡಿಮೆ ವಿರೂಪ, ಎರಡು ಚಾನೆಲ್ ಒಟ್ಟಿಗೆ. ಅಲ್ಲಿಯೂ "ಎರಡು ಚಾನೆಲ್" ಎಂಬುದನ್ನು ಮರೆಯಬಾರದು. ರಿಸೀವರ್‌ನ ಎಲ್ಲ ಚಾನೆಲ್‌ಗಳಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಎಲ್ಲವೂ ಒಟ್ಟಿಗೆ ಕೇಳಿದರೆ ಪಾಲು ಕಡಿಮೆಯಾಗುತ್ತದೆ. ಸಿನಿಮಾದಲ್ಲಿ ಎಲ್ಲ ಸ್ಪೀಕರ್‌ಗಳೂ ಒಮ್ಮೆಗೇ ಗರಿಷ್ಠಕ್ಕೆ ಹೋಗುವುದು ಅಪರೂಪ, ಆದ್ದರಿಂದ ಇದಕ್ಕೆ ನಾನು ಹೆದರುವುದಿಲ್ಲ. ಅಂಗಡಿಯಲ್ಲಿ ಮಾತ್ರ ರಿಸೀವರನ್ನು ಎತ್ತಿ ನೋಡುತ್ತೇನೆ. ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್‌ಗಳ ತೂಕ ಸುಳ್ಳು ಹೇಳುವುದು ಕಷ್ಟ.

ಸಬ್‌ವೂಫರ್ ಈ ಲೆಕ್ಕವನ್ನು ಬಹಳ ಹಗುರ ಮಾಡುತ್ತದೆ. ಅದಕ್ಕೆ ತನ್ನದೇ ಆಂಪ್ಲಿಫೈಯರ್ ಇರುತ್ತದೆ. ರಿಸೀವರ್‌ನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ "ಸ್ಮಾಲ್" ಎಂದು ಹೇಳಿ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ಗೆ ಇಟ್ಟರೆ, ಅತಿ ಹೆಚ್ಚು ಶಕ್ತಿ ಬೇಡುವ ತಗ್ಗಿನ ಸದ್ದು ರಿಸೀವರ್‌ನ ಹೆಗಲಿನಿಂದ ಇಳಿಯುತ್ತದೆ. ಎತ್ತರದ ಟವರ್ ಸ್ಪೀಕರ್ ಇರುವವರು "ಸ್ಮಾಲ್" ಎಂದು ಕರೆಯಲು ಒಪ್ಪುವುದಿಲ್ಲ. ದಯವಿಟ್ಟು ಒಪ್ಪಿ. ಸ್ಪೀಕರ್‌ನ ಗಾತ್ರಕ್ಕೂ ಈ ಸೆಟ್ಟಿಂಗ್‌ಗೂ ಸಂಬಂಧವಿಲ್ಲ, ತಗ್ಗಿನ ಸದ್ದು ಯಾರ ಪಾಲಿಗೆ ಎಂಬುದಷ್ಟೇ ಇಲ್ಲಿನ ವಿಷಯ.

ಕೊನೆಗೆ ನಾನು ಆರಿಸಿದ್ದು ಡೆನನ್ ಎವಿಆರ್-ಎಕ್ಸ್3800ಎಚ್. ಮೇಲಿನ ಕಟ್ಟುನಿಟ್ಟಿನ ಅಳತೆಯಲ್ಲಿ ಚಾನೆಲ್‌ಗೆ 105 ವಾಟ್, ಒಂಬತ್ತು ಚಾನೆಲ್, ನಾಲ್ಕು ಸಬ್‌ವೂಫರ್ ಔಟ್‌ಪುಟ್. ಆದರೆ ನನ್ನ ಮನಸ್ಸು ಗೆದ್ದದ್ದು ಎಲ್ಲ ಚಾನೆಲ್‌ಗಳಿಗೂ ಇರುವ ಪ್ರಿ-ಔಟ್, ಅಂದರೆ ಹೊರಗಿನ ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ಕಿಂಡಿ. ನಾಳೆ ಮನೆ ಬದಲಾಗಬಹುದು, ಸ್ಪೀಕರ್ ಬದಲಾಗಬಹುದು. ಆಗ ರಿಸೀವರನ್ನು ಎಸೆಯದೆ ಹೊರಗಿನಿಂದ ಆಂಪ್ಲಿಫೈಯರ್ ಸೇರಿಸಿಕೊಳ್ಳಬಹುದು. ನ್ಯೂಜೆರ್ಸಿಯಲ್ಲಿರುವ ತಮ್ಮ ಅಲ್ಲಿಂದಲೇ ತಂದುಕೊಡುತ್ತೇನೆ ಎಂದ. ಪ್ರೀತಿಯಿಂದಲೇ ಬೇಡವೆಂದೆ. ಅಮೆರಿಕದಲ್ಲಿ ಮಾರುವ ರಿಸೀವರ್ 120 ವೋಲ್ಟ್‌ನದು, ನಮ್ಮ ಪ್ಲಗ್‌ನಲ್ಲಿರುವುದು 230. ನಡುವೆ ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬೇಕು. ಒಂದು ದಿನ ಯಾರೋ ತಿಳಿಯದೆ ನೇರವಾಗಿ ಪ್ಲಗ್‌ಗೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು.

ಪ್ರತ್ಯೇಕ ಆಂಪ್ಲಿಫೈಯರ್ ನಿಜವಾಗಿ ಬೇಕಾದದ್ದು ಹುಬ್ಬಳ್ಳಿಯ ಭಾವನವರ ಮನೆಯಲ್ಲಿ. ಊಟದ ಕೋಣೆಗೆ ತೆರೆದುಕೊಂಡ ದೊಡ್ಡ ಹಾಲ್, ಸೋಫಾ 5 ಮೀಟರ್ ದೂರ, ಸ್ಪೀಕರ್ 85 ಡೆಸಿಬಲ್, 4 ಓಮ್. ಮೈನಸ್ 10ರಲ್ಲಿ ನೋಡಬೇಕೆಂಬುದು ಅವರ ಆಸೆ. ಲೆಕ್ಕ ಹಾಕಿದರೆ 8 ಓಮ್‌ಗೆ 125 ವಾಟ್ ಆಗುವ ವೋಲ್ಟೇಜ್ ಬೇಕು, ಅವರ 4 ಓಮ್‌ಗೆ ಅದು 250 ವಾಟ್. ಅವರ ರಿಸೀವರ್‌ಗೆ ಅದು ಆಗದ ಕೆಲಸ. "ಭಾವ, 91 ಡೆಸಿಬಲ್‌ನ ಸ್ಪೀಕರ್ ತೆಗೆದುಕೊಂಡರೆ ಕಾಲು ಭಾಗ ವಾಟ್ ಸಾಕು, ಈಗಿರುವ ರಿಸೀವರೇ ನಡೆಯುತ್ತದೆ" ಎಂದೆ. "ಸ್ಪೀಕರ್ ಬಿಟ್ಟು ಬೇರೆ ಏನಾದರೂ ಹೇಳು. ಇವುಗಳಲ್ಲಿ ಮನ್ಸೂರರ ದನಿ ಕೇಳಿದ ಮೇಲೆ ಬೇರೆಯದು ಬೇಡ" ಎಂದರು. ಆ ಮಾತಿಗೆ ಎದುರಾಡುವ ಮನಸ್ಸಾಗಲಿಲ್ಲ. ಮುಂದಿನ ಮೂರು ಸ್ಪೀಕರ್‌ಗಳಿಗೆ ಮೂರು ಚಾನೆಲ್‌ನ ಆಂಪ್ಲಿಫೈಯರ್, ಹಿಂದಿನವಕ್ಕೆ ರಿಸೀವರ್ ಎಂದು ಹಂಚಿದೆವು.

ಇಲ್ಲಿ ನೋಡಬೇಕಾದದ್ದು ಗೇನ್, ಅಂದರೆ ಒಳಬಂದ ವೋಲ್ಟೇಜನ್ನು ಆಂಪ್ಲಿಫೈಯರ್ ಎಷ್ಟು ಪಟ್ಟು ಏರಿಸುತ್ತದೆ ಎಂಬುದು. 29 ಡೆಸಿಬಲ್ ಗೇನ್ ಇರುವ ಆಂಪ್ಲಿಫೈಯರ್ ವೋಲ್ಟೇಜನ್ನು 28 ಪಟ್ಟು ಮಾಡುತ್ತದೆ. ಭಾವನವರಿಗೆ ಬೇಕಾದ 32 ವೋಲ್ಟ್ ಹೊರಬರಲು ರಿಸೀವರ್‌ನ ಪ್ರಿ-ಔಟ್ 1.1 ವೋಲ್ಟ್ ಕೊಟ್ಟರೆ ಸಾಕು. ಗೇನ್ 26 ಆಗಿದ್ದರೆ 1.6 ವೋಲ್ಟ್ ಬೇಕು. ಕಡಿಮೆ ಬೆಲೆಯ ರಿಸೀವರ್‌ಗಳ ಪ್ರಿ-ಔಟ್ ಅಷ್ಟು ಏರುವಷ್ಟರಲ್ಲಿ ತಾನೇ ಒಡೆಯಲು ಶುರುಮಾಡಬಹುದು. ಸಾವಿರ ವಾಟ್‌ನ ಸ್ಟೇಜ್ ಆಂಪ್ಲಿಫೈಯರ್ ತಂದರೂ ಅದಕ್ಕೆ ಬೇಕಾದ ವೋಲ್ಟೇಜ್ ಒಳಗೆ ಹೋಗದಿದ್ದರೆ ಆ ವಾಟ್ ಹೊರಗೆ ಬರುವುದೇ ಇಲ್ಲ.

ಆಂಪ್ಲಿಫೈಯರ್ ಜೋಡಿಸಿದ ಕೂಡಲೇ ಮೂರೂ ಸ್ಪೀಕರ್‌ಗಳಲ್ಲಿ ಗುಂಯ್ ಎಂಬ ಸದ್ದು ಹಿಡಿದುಕೊಂಡಿತು. ಸೆಟ್-ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿ ವೈರನ್ನು ಕಿತ್ತು ನೋಡಿದೆ, ಸದ್ದು ನಿಂತಿತು. ಹೊರಗಿನ ಕೇಬಲ್‌ನ ಕವಚಕ್ಕೂ ಮನೆಯ ಅರ್ಥಿಂಗ್‌ಗೂ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ, ರಿಸೀವರನ್ನು ಆಂಪ್ಲಿಫೈಯರ್‌ಗೆ ಜೋಡಿಸುವ ಆರ್‌ಸಿಎ ವೈರುಗಳ ಮೂಲಕ ಕರೆಂಟ್ ಹರಿಯುವುದರಿಂದ ಹೀಗಾಗುತ್ತದೆ. ಕೇಬಲ್ ಬರುವ ಜಾಗದಲ್ಲಿ ಈ ಸಂಪರ್ಕವನ್ನು ಕಡಿಯುವ ಐಸೊಲೇಟರ್ ಹಾಕಿಸಿ, ರಿಸೀವರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಸಾಕೆಟ್ ಸಾಲಿಗೆ ತಂದೆವು. ಪ್ಲಗ್‌ನ ಮೂರನೆಯ ಕಾಲನ್ನು ಕಡಿದರೆ ಗುಂಯ್ ಸದ್ದು ನಿಲ್ಲುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಿದರೂ ಒಪ್ಪಬೇಡಿ. ಲೋಹದ ಪೆಟ್ಟಿಗೆಯ ಉಪಕರಣಕ್ಕೆ ಅರ್ಥ್ ತಪ್ಪಿಸುವುದು ಪ್ರಾಣದ ಜೊತೆಗಿನ ಆಟ.

ವೈರಿಗೆ ಹೆಚ್ಚು ಹೇಳುವುದಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ 10 ಮೀಟರ್ ಎಳೆದರೂ ಹೋಗಿಬರುವ ದಾರಿಯ ಪ್ರತಿರೋಧ ಸುಮಾರು 0.15 ಓಮ್, 4 ಓಮ್ ಸ್ಪೀಕರ್‌ಗೂ ಸಾಕು. ನಾನು ತಂದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಮೀಟರ್ ಲೆಕ್ಕದಲ್ಲಿ. ರಿಸೀವರನ್ನು ಬಾಗಿಲಿರುವ ಟಿವಿ ಕಪಾಟಿನೊಳಗೆ ಇಡಬೇಡಿ, ಮೇಲೆ ಒಂದು ಗೇಣು ಜಾಗ ಬಿಡಿ. ಮನೆಯ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಮಾದರಿಯದಾದರೆ ರಿಸೀವರ್‌ನ ಪ್ಲಗ್ ಆ ಲೈನ್‌ನಲ್ಲಿ ಇರದಂತೆ ನೋಡಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿಯೂ ಹೆಚ್ಚುತ್ತದೆ. ಕರೆಂಟ್ ಹೋದಾಗ ಸಿನಿಮಾ ನಿಲ್ಲಲಿ, ಬಂದ ಮೇಲೆ ಮುಂದುವರಿಸಬಹುದು.