ಬೆಂಗಳೂರಿನ ಚಿತ್ರಗಳನ್ನು ನಡೆದು ನೋಡುವುದು

ಕಲಾವಿದರು ಬೀದಿಯಲ್ಲೇ ಚಿತ್ರಗಳನ್ನಿಟ್ಟು ಮಾರುವ ಬೆಂಗಳೂರಿನ ಚಿತ್ರಸಂತೆಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ: ಬೆಳಿಗ್ಗೆ ಎಂಟರ ಹೊತ್ತಿಗೆ ಕುಮಾರಕೃಪಾ ರಸ್ತೆಯಲ್ಲಿರಿ. ಜನವರಿಯ ಆ ಭಾನುವಾರ ರಸ್ತೆಯನ್ನು ವಾಹನಗಳಿಗೆ ಮುಚ್ಚಿರುತ್ತಾರೆ. ನಾನು ಮೆಟ್ರೊದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬಂದು, ಶೇಷಾದ್ರಿಪುರದ ಮೂಲಕ ನಡೆದು ಶಿವಾನಂದ ವೃತ್ತದ ಕಡೆಯಿಂದ ಒಳಗೆ ಹೋಗುತ್ತೇನೆ. ಆ ಹೊತ್ತಿಗೆ ಕಲಾವಿದರು ಕ್ಯಾನ್ವಾಸಿಗೆ ಸುತ್ತಿದ ಹಳೆಯ ಬಟ್ಟೆ ಬಿಚ್ಚುತ್ತಿರುತ್ತಾರೆ. ಕೆಲವರು ಕಾಂಪೌಂಡಿನ ಕಂಬಿಗೆ ಹಗ್ಗ ಬಿಗಿಯುತ್ತಿರುತ್ತಾರೆ, ಕೆಲವರು ರಾತ್ರಿ ಬಸ್ಸಿನಿಂದ ಇಳಿದು ನೇರವಾಗಿ ಬಂದು ಪಾದಚಾರಿ ಮಾರ್ಗದ ಮೇಲೆ ಚಹಾ ಕುಡಿಯುತ್ತಿರುತ್ತಾರೆ. ಮಾತಿಗೆ ಸಿಗುವುದು ಆಗಲೇ. ಹನ್ನೊಂದು ದಾಟಿತೆಂದರೆ ಜನಸಾಗರ. ಬೆಲೆ ಹೇಳಿ ಮುಗಿಸುವುದಕ್ಕೂ ಅವರಿಗೆ ಪುರುಸೊತ್ತಿರುವುದಿಲ್ಲ.

ಹಲವು ವರ್ಷಗಳಿಂದ ರಜೆಯ ದಿನಗಳಲ್ಲಿ ಈ ನಗರದ ಚಿತ್ರಗಳ ಹಿಂದೆ ಅಲೆಯುತ್ತಿರುವ ನನಗೆ ಇದೇ ದಾರಿ ರೂಢಿಯಾಗಿದೆ. ಚಿತ್ರ ಎಲ್ಲಿದೆ ಎನ್ನುವುದಕ್ಕಿಂತ ಅದನ್ನು ಮಾಡಿದವರು ಅದರ ಪಕ್ಕದಲ್ಲಿ ಯಾವ ಹೊತ್ತಿಗೆ ಇರುತ್ತಾರೆ ಎಂಬುದನ್ನು ಮೊದಲು ವಿಚಾರಿಸುತ್ತೇನೆ. ಸಂತೆಯಲ್ಲಾಗಲಿ, ಗ್ಯಾಲರಿಯಲ್ಲಾಗಲಿ, ಮೇಲ್ಸೇತುವೆಯ ಕೆಳಗಾಗಲಿ, ಆ ಹೊತ್ತನ್ನು ಹಿಡಿದರೆ ನೋಡುವುದೇ ಬೇರೆಯಾಗುತ್ತದೆ.

ಬಟ್ಟೆಯ ಮೇಲೆ ಬರೆಯುವ ಒಡಿಶಾದ ಪಟಚಿತ್ರದ ಮುಂದೆ ಮೊದಲೆಲ್ಲ ನಾನು ಸುಮ್ಮನೆ ಮೆಚ್ಚಿ ಮುಂದೆ ಹೋಗುತ್ತಿದ್ದೆ. ಒಮ್ಮೆ ಒಡಿಶಾದಿಂದ ಬಂದಿದ್ದ ಕಲಾವಿದರೊಬ್ಬರು ಬಟ್ಟೆಯ ಖಾಲಿ ತುಂಡೊಂದನ್ನು ನನ್ನ ಕೈಗಿತ್ತು ಹಿಂಬದಿ ಮುಟ್ಟಿ ನೋಡಲು ಹೇಳಿದರು. ಹುಣಸೆ ಬೀಜದ ಅಂಟು, ಸೀಮೆಸುಣ್ಣದ ಪುಡಿ ಬಳಿದು, ಒಣಗಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ ಬಟ್ಟೆ ಅದು. ತೊಗಲಿನಷ್ಟು ಗಡುಸು. ಆ ಗಡಸುತನ ಇಲ್ಲದಿದ್ದರೆ ಅಷ್ಟು ಸಪೂರ ಗೆರೆ ನಿಲ್ಲುವುದಿಲ್ಲ ಎಂಬುದು ಬೆರಳಿಗೇ ತಿಳಿಯಿತು. ಮೈಸೂರು ಮತ್ತು ತಂಜಾವೂರು ಶೈಲಿಗಳ ವ್ಯತ್ಯಾಸವನ್ನೂ ಕಲಿತದ್ದು ಸಂತೆಯಲ್ಲೇ. ಚಿತ್ರದ ನೇರ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಬೇಕು. ಮೈಸೂರಿನದರಲ್ಲಿ ಗೆಸ್ಸೊ, ಅಂದರೆ ಚಿನ್ನದ ರೇಕಿನ ಕೆಳಗೆ ಉಬ್ಬು ತರಲು ಬಳಿಯುವ ಲೇಪ, ತೆಳು. ಚಿನ್ನದ ರೇಕು ಆಭರಣದ ಗೆರೆಗಳ ಮೇಲೆ ಸ್ವಲ್ಪವೇ ಉಬ್ಬಿರುತ್ತದೆ, ಮುಖದ ಭಾವ ಮತ್ತು ಸೀರೆಯ ಮಡಿಕೆಗಳೇ ಮುಂದೆ ಬರುತ್ತವೆ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಗಾಜು ಮತ್ತು ಹರಳುಗಳ ಹೊಳಪು ಹೆಚ್ಚು. ನನ್ನ ಮನಸ್ಸು ಮೈಸೂರಿನ ಕಡೆಗೇ. ದೇವರ ಮುಖ ನೋಡಲು ಬಂದವನ ಕಣ್ಣನ್ನು ಹರಳು ಎಳೆದುಕೊಳ್ಳಬಾರದು ಎಂದು ನನಗೆ ಅನ್ನಿಸುತ್ತದೆ.

ಸಂತೆಯ ಘೋಷವಾಕ್ಯ ‘ಮನೆಗೊಂದು ಕಲಾಕೃತಿ’. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡವನು. ವರ್ಷದುದ್ದಕ್ಕೂ ಸ್ವಲ್ಪ ಸ್ವಲ್ಪ ಎತ್ತಿಟ್ಟು, ಜನವರಿಯಲ್ಲಿ ಒಂದು ಚಿಕ್ಕ ಚಿತ್ರ ಕೊಳ್ಳುತ್ತೇನೆ. ನೂರಾರು ರೂಪಾಯಿಯ ಪುಟ್ಟ ಜಲವರ್ಣದಿಂದ ಲಕ್ಷದ ಕ್ಯಾನ್ವಾಸಿನವರೆಗೆ ಎಲ್ಲವೂ ಒಂದೇ ರಸ್ತೆಯಲ್ಲಿ ಇರುವುದರಿಂದ ಯಾರೂ ಸಂಕೋಚಪಡಬೇಕಿಲ್ಲ. ಚೌಕಾಸಿ ಮಾತ್ರ ನಾನು ಮಾಡುವುದಿಲ್ಲ. ಬೆಲೆ ನನ್ನ ಕೈಗೆ ಎಟುಕದಿದ್ದರೆ ಅದೇ ಕಲಾವಿದರ ಬಳಿ ಇನ್ನೂ ಚಿಕ್ಕದು ಇದೆಯೇ ಎಂದು ಕೇಳುತ್ತೇನೆ. ಹಲವರು ಚಾಪೆಯ ಕೆಳಗಿನ ಕಡತದಿಂದ ರೇಖಾಚಿತ್ರಗಳನ್ನು ತೆಗೆದು ತೋರಿಸುತ್ತಾರೆ. ಎಷ್ಟೋ ಸಲ ನನಗೆ ತೂಗುಹಾಕಿದ ಚಿತ್ರಗಳಿಗಿಂತ ಆ ಕಡತದವೇ ಹೆಚ್ಚು ಇಷ್ಟವಾಗಿವೆ.

ಸಂತೆ ವರ್ಷಕ್ಕೊಮ್ಮೆ. ಉಳಿದ ದಿನಗಳಿಗೆ ಗ್ಯಾಲರಿಗಳಿವೆ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಭಾಂಗಣಗಳಲ್ಲಿ ಸದಾ ಯಾವುದಾದರೂ ಪ್ರದರ್ಶನ ಇದ್ದೇ ಇರುತ್ತದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ನಡೆಸಿಕೊಂಡು ಬಂದ ‘ಒನ್ ಶಾಂತಿ ರೋಡ್’ ಮನೆಯೂ ಹೌದು, ಸ್ಟುಡಿಯೊವೂ ಹೌದು; ಇನ್ನೂ ಹೆಸರು ಮಾಡದ ಹುಡುಗ ಹುಡುಗಿಯರ ಪ್ರಯೋಗಗಳಿಗೆ ಅಲ್ಲಿ ಜಾಗವಿದೆ. ಟ್ರಿನಿಟಿ ವೃತ್ತದ ಬಳಿ, ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ವ್ಯಂಗ್ಯಚಿತ್ರಗಳಿಗೆಂದೇ ಒಂದು ಗ್ಯಾಲರಿ ಇದೆ. ಮಹಾತ್ಮ ಗಾಂಧಿ ರಸ್ತೆಗೆ ಹೋದವರೂ ಅದನ್ನು ದಾಟಿ ಹೋಗುತ್ತಾರೆ. ದಯವಿಟ್ಟು ಒಳಗೆ ಹೋಗಿ.

ಉದ್ಘಾಟನೆಯ ಸಂಜೆ ನಾನು ಹೋಗುವುದು ಕಡಿಮೆ. ದೀಪ, ಭಾಷಣ, ಹಾರಗಳ ನಡುವೆ ಗೋಡೆ ಕಾಣಿಸುವುದಿಲ್ಲ. ಅರ್ಧ ದಿನ ರಜೆ ಸಿಕ್ಕರೆ ವಾರದ ಮಧ್ಯದ ಮಧ್ಯಾಹ್ನ ಹೋಗುತ್ತೇನೆ. ಸಭಾಂಗಣ ಬಾಡಿಗೆಗೆ ಹಿಡಿದ ಕಲಾವಿದರು ಸಂದರ್ಶಕರ ಪುಸ್ತಕದ ಪಕ್ಕದಲ್ಲಿ ಒಬ್ಬರೇ ಕುಳಿತಿರುತ್ತಾರೆ. “ಇದರಲ್ಲಿ ಮೊದಲು ಬರೆದದ್ದು ಯಾವುದು?” ಎಂದು ಕೇಳಿದರೆ ಸಾಕು, ಎದ್ದು ಬರುತ್ತಾರೆ. ಪ್ರದರ್ಶನದ ಕ್ರಮ ಬೇರೆ, ಚಿತ್ರಗಳು ಹುಟ್ಟಿದ ಕ್ರಮ ಬೇರೆ. ಎರಡನೆಯದರಲ್ಲಿ ಮತ್ತೊಂದು ಸುತ್ತು ಹಾಕಿದಾಗ ಬಣ್ಣ ಎಲ್ಲಿ ಬದಲಾಯಿತು, ಎಲ್ಲಿ ಕೈ ಧೈರ್ಯ ಮಾಡಿತು ಎಂಬುದು ಕಾಣುತ್ತದೆ.

ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರ ಊಟಿ ಮತ್ತು ಕೊಡೈಕೆನಾಲ್ ಜಲವರ್ಣಗಳ ಮುಂದೆ ನಾನು ಕಳೆದಷ್ಟು ಹೊತ್ತು ಬೇರೆ ಯಾವ ಚಿತ್ರದ ಮುಂದೆಯೂ ಕಳೆದಿಲ್ಲ. ಮಂಜು ಇಳಿಯುವ ಬೆಟ್ಟದಂಚನ್ನು ಅವರು ಅದೆಷ್ಟು ಸಂಯಮದಿಂದ ಬಿಡಿಸಿದ್ದಾರೆ! ಅದೇ ಕಟ್ಟಡದ ಸಭಾಂಗಣಗಳು ಕಡಿಮೆ ಬಾಡಿಗೆಗೆ ಸಿಗುತ್ತಿದ್ದುದರಿಂದ ನಾಡಿನ ಎಷ್ಟೋ ಕಲಾವಿದರ ಮೊದಲ ಪ್ರದರ್ಶನ ನಡೆದದ್ದು ಅಲ್ಲೇ. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಪ್ರಸ್ತಾವ ಬಂದಾಗ, 2016ರಲ್ಲಿ, ಕಲಾವಿದರು ಅಂಗಳಕ್ಕಿಳಿದು ವಿರೋಧಿಸಿದರು. ಅವರು ಸರಿಯಾದುದನ್ನೇ ಮಾಡಿದರು. ಹೆಸರಿಲ್ಲದ ಹುಡುಗನಿಗೆ ಒಂದು ಗೋಡೆ ಕೊಡುವ ಜಾಗ ನಗರಕ್ಕೆ ಬೇಕೇ ಬೇಕು.

ಇನ್ನು ಬೀದಿ. 2009ರ ಸುಮಾರಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮುಖ್ಯ ರಸ್ತೆಗಳ ಗೋಡೆಗಳಿಂದ ಪೋಸ್ಟರುಗಳನ್ನು ದೂರವಿಡಲು ಚಿತ್ರ ಬರೆಸತೊಡಗಿತು. ಹಂಪಿಯ ಕಲ್ಲಿನ ರಥ, ಜೋಗ, ಗೋಳಗುಮ್ಮಟ, ಆನೆ, ಹುಲಿ. ಅವನ್ನು ಬರೆದವರಲ್ಲಿ ಅನೇಕರು ಹಿಂದೆ ಸಿನಿಮಾ ಬ್ಯಾನರ್, ಕಟೌಟ್ ಬರೆಯುತ್ತಿದ್ದವರು, ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಮುದ್ರಣ ಬಂದು ಅವರ ಕೈಯ ಕೆಲಸ ಕಸಿದುಕೊಂಡಿತ್ತು. ಕಲಾ ವಿಮರ್ಶಕರು ಈ ಗೋಡೆಗಳನ್ನು ಕ್ಯಾಲೆಂಡರ್ ಚಿತ್ರವೆಂದು ಪಕ್ಕಕ್ಕಿಟ್ಟರೆ ನನಗೆ ಒಪ್ಪಿಗೆಯಿಲ್ಲ. ಕಟೌಟ್ ಬರೆದ ಕೈಗೆ ಹತ್ತಿರದಿಂದ ಬಣ್ಣ ಹಚ್ಚುತ್ತಲೇ ದೂರದಿಂದ ಅದು ಹೇಗೆ ಕಾಣುತ್ತದೆ ಎಂಬ ಅಂದಾಜು ಇರುತ್ತದೆ. ಕಲಾಶಾಲೆಯಲ್ಲಿ ಕಲಿತವರಿಗೂ ಅದು ಸುಲಭವಾಗಿ ಬರುವುದಿಲ್ಲ.

ಅಂಥ ಒಬ್ಬ ಹಿರಿಯರು ಗೋಡೆ ಬರೆಯುವುದನ್ನು ನಾನು ಬೆಳಗಿನಿಂದ ನಿಂತು ನೋಡಿದ್ದೇನೆ. ಮೊದಲು ಸುಣ್ಣ ಕೆರೆದು ಪ್ರೈಮರ್ ಬಳಿದರು. ಬಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ತುದಿ ಹಿಡಿದು ಮೀಟಿ ಗೋಡೆಯ ಮೇಲೆ ಚೌಕಗಳನ್ನು ಮೂಡಿಸಿದರು. ಕೈಯಲ್ಲಿದ್ದ ಚಿಕ್ಕ ಫೋಟೊದ ಮೇಲೂ ಅಷ್ಟೇ ಚೌಕಗಳು. ಇದ್ದಿಲಿನಿಂದ ಒಂದೊಂದು ಚೌಕದ ಗೆರೆಯನ್ನು ಗೋಡೆಗೆ ದಾಟಿಸುತ್ತಾ ಹೋದರು. ನಾನು “ಮುಖವನ್ನು ಮೊದಲು ಮಾಡುವುದಿಲ್ಲವೇ ಯಜಮಾನರೇ?” ಎಂದು ಕೇಳಿದೆ. “ಮುಖ ಕೊನೆಗೆ ಸ್ವಾಮಿ. ಸುತ್ತಲ ಬಣ್ಣ ಕೂತ ಮೇಲೆ ತಾನೇ ಮುಖಕ್ಕೆ ಎಷ್ಟು ಬೆಳಕು ಬೇಕು ಎಂದು ಗೊತ್ತಾಗುವುದು” ಎಂದರು. ಅಂದಿನಿಂದ ಯಾವ ಭಿತ್ತಿಚಿತ್ರದ ಮುಂದೆ ನಿಂತರೂ ನಾನು ಮೊದಲು ಹಿನ್ನೆಲೆಯನ್ನು ನೋಡುತ್ತೇನೆ.

ಮುಂದೆ ಬಂದವರ ದಾರಿ ಬೇರೆ. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮೆಟ್ರೊ ನಿಗಮದ ಜೊತೆ ಸೇರಿ ಪೀಣ್ಯ, ಕಬ್ಬನ್ ಪಾರ್ಕ್ ನಿಲ್ದಾಣಗಳ ಗೋಡೆ, ಕಂಬಗಳಲ್ಲಿ ಕೆಲಸ ಮಾಡಿದರು. ಆ ಚಿತ್ರಗಳನ್ನು ಬೆಳಗಿನ ನೂಕುನುಗ್ಗಲಿನಲ್ಲಿ ನೋಡಲಾಗದು. ಭಾನುವಾರ ಬೆಳಿಗ್ಗೆ ಟಿಕೆಟ್ ಪಡೆದು ಇಳಿಯಿರಿ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೇ ಕುಂಚ ಹಿಡಿಯುವ ಅರವಾನಿ ಆರ್ಟ್ ಪ್ರಾಜೆಕ್ಟ್ 2016ರಲ್ಲಿ ಈ ನಗರದಲ್ಲೇ ಶುರುವಾಯಿತು. ಯಾವ ಬೀದಿಯಲ್ಲಿ ತಮ್ಮನ್ನು ಜನ ದುರುಗುಟ್ಟಿ ನೋಡುತ್ತಿದ್ದರೋ ಅದೇ ಬೀದಿಯ ಗೋಡೆಯಲ್ಲಿ ತಮ್ಮ ಮುಖವನ್ನು ಆಳೆತ್ತರಕ್ಕೂ ಮೀರಿ ಬರೆಯುವುದಕ್ಕೆ ಎಷ್ಟು ಎದೆ ಬೇಕು.

ನೋಡಲು ಹೋದರೆ ಏನೂ ಸಿಗದ ಬೀದಿಕಲೆಯೂ ಇದೆ, ಅದರ ಜಾಗಗಳಿಗೂ ನಾನು ಹೋಗುತ್ತೇನೆ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯೊಂದನ್ನು ಬಿಟ್ಟರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದ ದಿನಗಳಲ್ಲೇ, ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಗೆ ತೊಡಿಸಿ ನಡೆಸಿದರು. ಗುಂಡಿಗಳು ಚಂದ್ರನ ಕುಳಿಗಳಂತೆ ಕಂಡವು, ವಿಡಿಯೊ ಎಲ್ಲೆಡೆ ಹರಿದಾಡಿತು, ದುರಸ್ತಿಯೂ ಬೇಗನೆ ಶುರುವಾಯಿತು. ಗ್ಯಾಲರಿಯ ಚಿತ್ರ ಉಳಿದರೆ ಗೆದ್ದಂತೆ. ಇಂಥ ಕಲೆ ಅಳಿಸಿಹೋದರೆ, ಅದರ ಮೇಲೆ ಡಾಂಬರು ಬಿದ್ದರೆ ಗೆದ್ದಂತೆ. ಹಾಗಾಗಿ ಇವುಗಳ ವಿಷಯದಲ್ಲಿ ನಾನು ರಸ್ತೆಯ ಇಂದಿನ ಸ್ಥಿತಿಯನ್ನೇ ನೋಡಿ ಬರೆದಿಟ್ಟುಕೊಳ್ಳುತ್ತೇನೆ.

ಗೋಡೆಗಳಿಗೆಂದು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ರಸ್ತೆ, ತಿರುವು, ದಿನಾಂಕ, ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು. ದಿಕ್ಕು ಮುಖ್ಯ: ಪಶ್ಚಿಮಕ್ಕಿರುವ ಗೋಡೆಯ ಬಣ್ಣ ಮಧ್ಯಾಹ್ನದ ಬಿಸಿಲಿಗೆ ಬೇಗ ಮಾಸುತ್ತದೆ, ನೋಡುವುದಿದ್ದರೆ ಹೊಸದರಲ್ಲೇ ನೋಡಬೇಕು. ಮಳೆಗಾಲ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆಯುತ್ತೇನೆ. ಸಾರವೆ ಕಟ್ಟಿರುವುದು ಕಂಡರೆ ಬಸ್ಸಿನಿಂದ ಇಳಿದೇ ಬಿಡುತ್ತೇನೆ. ಬರೆಯುತ್ತಿರುವವರ ಫೋಟೊ ತೆಗೆಯುವ ಮೊದಲು ಕೇಳುತ್ತೇನೆ, ತೆಗೆದದ್ದನ್ನು ಅವರಿಗೆ ಕಳುಹಿಸುತ್ತೇನೆ. ಎತ್ತರದಲ್ಲಿ ನಿಂತು ದುಡಿಯುವವರ ಬಳಿ ತಾವು ಬರೆಯುತ್ತಿರುವ ಗಳಿಗೆಯ ಚಿತ್ರ ಇರುವುದೇ ಇಲ್ಲ. ಚಿತ್ರದ ಮೂಲೆಯಲ್ಲಿ ಸಹಿ ಇಲ್ಲದಿದ್ದರೆ ಹೆಸರು ಕೇಳಿ ನೋಟ್‌ಬುಕ್ಕಿನಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳುತ್ತೇನೆ. ಬೋರ್ಡು ಬರೆದವರಾದರೆ ಆ ಅಕ್ಷರಗಳಿಗೆ ನೆರಳು ಕೊಟ್ಟೇ ಕೊಡುತ್ತಾರೆ.