ದುಬಾರಿ ರೇಸಿಂಗ್ ವೀಲ್ ಕೈಕೊಟ್ಟರೆ: ಮಲೆನಾಡಿನ ಮನೆಗೆ ಪರೀಕ್ಷೆ, ವಾರಂಟಿ, ರಿಪೇರಿ

25 ಸಾವಿರದಿಂದ ಲಕ್ಷದವರೆಗೆ ಕೊಟ್ಟು ತಂದ ಗೇಮಿಂಗ್ ವೀಲ್ (ಕಾರ್ ರೇಸ್ ಆಟಕ್ಕೆ ಕಂಪ್ಯೂಟರಿಗೆ ಜೋಡಿಸುವ ಸ್ಟೀರಿಂಗ್ ಮತ್ತು ಪೆಡಲ್) ಕೆಲವೇ ತಿಂಗಳಲ್ಲಿ ಕೆಟ್ಟರೆ, ಶಿವಮೊಗ್ಗದಲ್ಲಾಗಲಿ ಸಾಗರ, ತೀರ್ಥಹಳ್ಳಿಗಳಲ್ಲಾಗಲಿ ಹೊತ್ತೊಯ್ದು ತೋರಿಸಲು ಕಂಪನಿಯ ಕೌಂಟರ್ ಸಿಗುವುದು ಕಷ್ಟ. ಮಾತುಕತೆಯೆಲ್ಲ ಇಮೇಲ್‌ನಲ್ಲಿ, ಸಾಗಾಟವೆಲ್ಲ ಕೊರಿಯರ್‌ನಲ್ಲಿ. ಆದ್ದರಿಂದ ದೋಷ ಯಾವ ಭಾಗದಲ್ಲಿದೆ ಎಂದು ನೀವೇ ಪತ್ತೆಹಚ್ಚಿ, ಪುರಾವೆ ಜೋಡಿಸಿ ಬರೆಯಬೇಕು. "ವೀಲ್ ಸರಿಯಿಲ್ಲ" ಎಂದಷ್ಟೇ ಬರೆದರೆ "ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ" ಎಂಬ ಉತ್ತರವೇ ತಿರುತಿರುಗಿ ಬರುತ್ತದೆ. ಅಷ್ಟರಲ್ಲಿ ಬದಲಿ ಕೊಡುವ ಅವಧಿ ಮುಗಿದಿರುತ್ತದೆ.

ಕೊಳ್ಳುವ ಮುನ್ನ

ಬಾಕ್ಸ್ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಗ್ರಾಹಕ ಸೇವೆಯ ಸಂಖ್ಯೆ ಇರುವ ಚೀಟಿ ಇದೆಯೇ ನೋಡಿ. ಆಮದು ಮಾಲಿಗೆ ಇದು ಕಾನೂನಿನ ಪ್ರಕಾರ ಇರಲೇಬೇಕು. ಚೀಟಿ ಇಲ್ಲದ ಮಾಲು ಎರಡು-ಮೂರು ಸಾವಿರ ಕಡಿಮೆಗೆ ಸಿಕ್ಕರೂ ಬೇಡ, ಅದಕ್ಕೆ ಇಲ್ಲಿ ವಾರಂಟಿ ಕೊಡುವವರೇ ಇರುವುದಿಲ್ಲ. ಬ್ರ್ಯಾಂಡ್ ದೊಡ್ಡದು ಎಂಬ ಭರವಸೆಯೂ ಸಾಲದು. ಹೆಸರಾಂತ ಫನಾಟೆಕ್‌ನ ಮಾತೃಸಂಸ್ಥೆ, ಜರ್ಮನಿಯ ಎಂಡೋರ್ ಎಜಿ, 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದೇ ವರ್ಷ ಆ ವ್ಯವಹಾರವನ್ನು ಅಮೆರಿಕದ ಕೋರ್ಸೇರ್ ಕೊಂಡುಕೊಂಡಿತು. ವಾರಂಟಿ ಎಷ್ಟು ವರ್ಷ ಎನ್ನುವುದರ ಜೊತೆಗೆ, ಅದನ್ನು ಭಾರತದಲ್ಲಿ ಯಾರು ನಿಭಾಯಿಸುತ್ತಾರೆ, ಕೊರಿಯರ್ ಖರ್ಚು ಯಾರದ್ದು ಎಂದು ಮೊದಲೇ ಇಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ.

ಇನ್ನು ಒಳಗಿನ ಕಟ್ಟು. ಲಾಜಿಟೆಕ್ ಜಿ29ರಂಥವು ಗೇರ್ ಮೇಲೆ ಓಡುತ್ತವೆ, ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟ್ ಮೇಲೆ. ಫನಾಟೆಕ್ ಸಿಎಸ್‌ಎಲ್ ಡಿಡಿಯಂಥ ಡೈರೆಕ್ಟ್ ಡ್ರೈವ್‌ನಲ್ಲಿ ವೀಲ್ ನೇರವಾಗಿ ಮೋಟರ್‌ನ ಶಾಫ್ಟ್‌ಗೇ ಕೂರುತ್ತದೆ, ಸವೆಯಲು ಗೇರೂ ಇಲ್ಲ ಬೆಲ್ಟೂ ಇಲ್ಲ. ನಮ್ಮ ಹವೆಯಲ್ಲಿ ಮೋಟರ್‌ಗಿಂತ ಮೊದಲು ಸಾಯುವುದು ಪೆಡಲ್. ಅಗ್ಗದ ಪೆಡಲ್‌ಗಳಲ್ಲಿರುವ ಪೊಟೆನ್ಷಿಯೋಮೀಟರ್ (ಚಿಕ್ಕದಾಗಿ ಪಾಟ್) ಎಂದರೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜಿಕೊಂಡು ಹೋಗುವ ವ್ಯವಸ್ಥೆ. ಧೂಳು ಮತ್ತು ತೇವ ಸೇರಿದರೆ ಪಟ್ಟಿ ಕೊಳೆಯಾಗುತ್ತದೆ, ಉಜ್ಜಿ ಉಜ್ಜಿ ಸವೆಯುತ್ತದೆ. ಇದರ ಬದಲು ಕೆಲವು ಪೆಡಲ್‌ಗಳಲ್ಲಿರುವ ಹಾಲ್ ಸೆನ್ಸರ್ ಆಯಸ್ಕಾಂತದಿಂದ ಓದುತ್ತದೆ, ಮುಟ್ಟುವುದೇ ಇಲ್ಲ. ಬ್ರೇಕ್‌ಗೆ ಲೋಡ್ ಸೆಲ್ ಇದ್ದರೆ ಇನ್ನೂ ಒಳ್ಳೆಯದು, ಅದು ದೂರದ ಬದಲು ಒತ್ತಡವನ್ನು ಅಳೆಯುತ್ತದೆ. ಬಜೆಟ್ ಬಿಗಿಯಿದ್ದರೆ ದುಡ್ಡನ್ನು ಒಳ್ಳೆಯ ಪೆಡಲ್‌ಗೆ ಹಾಕಿ ಎನ್ನುವುದು ನಮ್ಮ ಸಲಹೆ.

ಮೊದಲ ವಾರದ ಪರೀಕ್ಷೆ

ಪಾರ್ಸೆಲ್ ಬಿಚ್ಚುವುದನ್ನು ಒಂದೇ ಉಸಿರಿನಲ್ಲಿ ವಿಡಿಯೋ ಮಾಡಿ: ಕೊರಿಯರ್ ಚೀಟಿ, ಟೇಪ್, ಬಾಕ್ಸ್‌ನ ಮೂಲೆಗಳು, ಸೀರಿಯಲ್ ನಂಬರ್, ಕೊನೆಗೆ ವೀಲ್. ಆನ್‌ಲೈನ್ ಮಳಿಗೆಗಳ ಬದಲಿ ಅವಧಿ ಸಾಮಾನ್ಯವಾಗಿ 7ರಿಂದ 10 ದಿನ. ಹಬ್ಬಕ್ಕೆ ಆಡೋಣ ಎಂದು ಎತ್ತಿಡಬೇಡಿ, ಬಂದ ದಿನವೇ ಜೋಡಿಸಿ.

ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಜೆ-ಒ-ವೈ ಡಾಟ್ ಸಿ-ಪಿ-ಎಲ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಪಟ್ಟಿಯಲ್ಲಿ ವೀಲ್ ಆರಿಸಿ ಪ್ರಾಪರ್ಟೀಸ್ ತೆರೆದರೆ ಎಲ್ಲ ಪೆಡಲ್, ಬಟನ್‌ಗಳ ಚಲನೆ ಕಾಣುತ್ತದೆ. ಆಟದೊಳಗಿನ ಸೆಟ್ಟಿಂಗ್‌ಗಳು ದೋಷವನ್ನು ಮುಚ್ಚಿಡಬಹುದು, ಇಲ್ಲಿ ಮುಚ್ಚುಮರೆ ಕಡಿಮೆ.

ಒಂದೊಂದೇ ಪೆಡಲನ್ನು ಐದು ಸೆಕೆಂಡು ಹಿಡಿದು ನಿಧಾನ ಒತ್ತಿ, ಅಷ್ಟೇ ನಿಧಾನ ಬಿಡಿ. ಗೀಟು ಒಂದೇ ಸಮನೆ ಏರಬೇಕು. ನಡುವೆ ಹಾರಿದರೆ, ಕಾಲು ತೆಗೆದ ಮೇಲೂ ನಡುಗುತ್ತಿದ್ದರೆ ಪಾಟ್ ಕೊಳೆಯಾಗಿದೆ ಇಲ್ಲವೇ ಕೇಬಲ್ ಸಡಿಲ. ಪೂರ್ತಿ ಒತ್ತಿದರೂ ತುದಿ ಮುಟ್ಟದಿದ್ದರೆ ಮೊದಲು ಕ್ಯಾಲಿಬ್ರೇಷನ್ (ಅಳತೆಯನ್ನು ಮತ್ತೆ ಹೊಂದಿಸುವುದು) ಮಾಡಿ ನೋಡಿ. ಜಿ29ರ ಬ್ರೇಕ್‌ನಲ್ಲಿ ರಬ್ಬರ್ ತುಂಡೊಂದಿದೆ, ಅದು ಗಟ್ಟಿ ಎನಿಸುವುದು ದೋಷವಲ್ಲ.

ವೀಲ್‌ನ ನಡುಗೆರೆ ಪರೀಕ್ಷಿಸಲು ರಿಮ್‌ನ ತುತ್ತತುದಿಗೆ ಬಿಳಿ ಟೇಪ್ ಅಂಟಿಸಿ. ಜಿ29ರಂಥ ವೀಲ್ ಆದರೆ ಪ್ಲಗ್ ಹಾಕಿದ ಕೂಡಲೇ ತಾನಾಗಿ ಎಡಕ್ಕೂ ಬಲಕ್ಕೂ ತಿರುಗಿ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಆಗ ಟೇಪ್ ಎಲ್ಲಿದೆ ಎಂದು ಫೋಟೋ ತೆಗೆಯಿರಿ. ಅರ್ಧ ಗಂಟೆ ಜೋರಾಗಿ ಆಡಿ, ಪ್ರಾಪರ್ಟೀಸ್‌ನಲ್ಲಿ ನಡು ತೋರಿಸುವಂತೆ ವೀಲ್ ಹಿಡಿದು ಮತ್ತೆ ಫೋಟೋ ತೆಗೆಯಿರಿ. ಟೇಪ್ ವಾಲಿದ್ದರೆ, ಪ್ರತಿ ಸಲವೂ ಇನ್ನಷ್ಟು ವಾಲುತ್ತಿದ್ದರೆ, ತಿರುಗುವಿಕೆಯನ್ನು ಎಣಿಸುವ ಎನ್‌ಕೋಡರ್‌ನ ಬಿಲ್ಲೆ ಶಾಫ್ಟ್ ಮೇಲೆ ಜಾರುತ್ತಿರಬಹುದು. ಇದು ಸಾಫ್ಟ್‌ವೇರ್‌ನಿಂದ ಗುಣವಾಗುವ ಕಾಯಿಲೆಯಲ್ಲ. ಎರಡು ಫೋಟೋ ಸಾಕು, ವಾದಕ್ಕೆ ಜಾಗವಿಲ್ಲ.

ಸದ್ದು ಕೇಳಿ. ಗೇರ್ ವೀಲ್‌ನಲ್ಲಿ ಸಣ್ಣ ಗಡಗಡ ಸಹಜ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಟ್ ಎಂದರೆ ಹಲ್ಲು ಮುರಿದಿದೆ. ಅರ್ಧ ಗಂಟೆಯ ಬಳಿಕ ಫೋರ್ಸ್ (ಮೋಟರ್ ವೀಲ್ ಮೂಲಕ ಕೈಗೆ ಕೊಡುವ ಎಳೆತ) ಕುಗ್ಗಿ, ಆರಿದ ಮೇಲೆ ಮರಳಿದರೆ ಮೋಟರ್ ಬಿಸಿಯಾಗಿ ತನ್ನನ್ನು ಕಾಪಾಡಿಕೊಳ್ಳುತ್ತಿದೆ; ಫ್ಯಾನ್ ತಿರುಗುತ್ತಿದೆಯೇ ನೋಡಿ, ಫೋರ್ಸನ್ನು 70 ಶೇಕಡಾಕ್ಕೆ ಇಳಿಸಿ. ಸಂಪರ್ಕ ತಪ್ಪುತ್ತಿದ್ದರೆ ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿನ ಹಿಂಬದಿಯ ಯುಎಸ್‌ಬಿಗೆ ಹಾಕಿ. ಜೋರಾಗಿ ಎಳೆಯುವಾಗ ಮಾತ್ರ ತಪ್ಪಿದರೆ ಅಡಾಪ್ಟರ್ ಮೇಲೆ ಅನುಮಾನ, ಸುಮ್ಮನಿದ್ದಾಗಲೂ ತಪ್ಪಿದರೆ ಕೇಬಲ್ ಮೇಲೆ. ಕೊನೆಗೆ ಸ್ನೇಹಿತರ ಕಂಪ್ಯೂಟರಿನಲ್ಲೂ ಒಮ್ಮೆ ಹಾಕಿ ನೋಡಿ, ಕಂಪನಿಯವರು ಮೊದಲು ಕೇಳುವುದೇ ಅದನ್ನು.

ಮಳೆ, ಸಿಡಿಲು, ಕರೆಂಟು

ತೇವದಿಂದ, ವೋಲ್ಟೇಜ್ ಏರುಪೇರಿನಿಂದ ಆದ ಹಾನಿಯನ್ನು ಹೆಚ್ಚಿನ ವಾರಂಟಿಗಳು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಇವೆರಡಕ್ಕೂ ಬರವಿಲ್ಲ. ಭರಣಿ, ಕೃತ್ತಿಕಾ ಮಳೆಯ ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಜೊತೆಗೆ ವೀಲ್‌ನ ಯುಎಸ್‌ಬಿಯನ್ನೂ ಬ್ರಾಡ್‌ಬ್ಯಾಂಡ್ ಕೇಬಲನ್ನೂ ತೆಗೆಯಿರಿ. ಸಿಡಿಲಿನ ಹೊಡೆತ ಇಂಟರ್ನೆಟ್ ತಂತಿಯಿಂದ ಕಂಪ್ಯೂಟರಿಗೆ, ಅಲ್ಲಿಂದ ವೀಲ್‌ನ ಬೋರ್ಡಿಗೆ ದಾಟಬಲ್ಲದು. ಲೋಹದ ಭಾಗ ಮುಟ್ಟಿದಾಗ ಜುಮ್ ಎಂದರೆ ಆ ಪಾಯಿಂಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ನೋಡಿಸಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದೂ ಮೂರನೆಯ ತಂತಿ ಎಲ್ಲಿಗೂ ಹೋಗದಿರುವುದುಂಟು.

ಆರ್ದ್ರಾ ಹಿಡಿದ ಮೇಲೆ ವೀಲನ್ನು ಗೋಡೆಗೆ ಆನಿಸಿ ಇಡಬೇಡಿ, ಪೆಡಲನ್ನು ನೆಲದ ಮೇಲೆ ಬಿಡಬೇಡಿ, ಹಲಗೆಯ ಮೇಲಿಡಿ. ವಾರಕ್ಕೆರಡು ಸಲ ಅರ್ಧ ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಆಡದ ದಿನಗಳಲ್ಲಿ ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುಮಾರು 200 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾದಾಗ ಜೆಲ್ಲನ್ನು ಕಾಯಿಸಿ ಮತ್ತೆ ಬಳಸಬಹುದು. ಬಟ್ಟೆ ಹೊದಿಸುವುದರಿಂದ ಧೂಳು ತಪ್ಪುತ್ತದೆ, ತೇವ ತಪ್ಪುವುದಿಲ್ಲ. ಚರ್ಮದ ರಿಮ್‌ಗೆ ಬೂಷ್ಟು ಹಿಡಿದರೆ ಒಣಬಟ್ಟೆಯಿಂದ ಒರೆಸಿ ಗಾಳಿಗಿಡಿ. ಎಣ್ಣೆ ಹಚ್ಚಬೇಡಿ.

ದೂರು ಬರೆಯುವ ಬಗೆ

ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ, ಇಮೇಲ್ ಮಾಡಿ. ಮೊದಲ ಪತ್ರದಲ್ಲೇ ಎಲ್ಲವೂ ಇರಲಿ, ಹೀಗೆ:

"ಮಾಡೆಲ್, ಸೀರಿಯಲ್ ನಂಬರ್, ಖರೀದಿ ದಿನಾಂಕ ಇವು, ಬಿಲ್ ಲಗತ್ತಿಸಿದೆ. ದೋಷ: 30 ನಿಮಿಷ ಬಳಸಿದ ನಂತರ ವೀಲ್‌ನ ಮಧ್ಯಬಿಂದು ಬಲಕ್ಕೆ ಜಾರುತ್ತದೆ. ಎರಡು ಕಂಪ್ಯೂಟರ್‌ಗಳಲ್ಲಿ, ಹೊಸ ಫರ್ಮ್‌ವೇರ್‌ನಲ್ಲಿ, ಹಬ್ ಇಲ್ಲದೆ ಪರೀಕ್ಷಿಸಿದ್ದೇನೆ. ಫೋಟೋ, ವಿಡಿಯೋ ಲಗತ್ತಿಸಿದೆ. ವಾರಂಟಿಯಡಿ ಬದಲಿ ಕೊಡಿ. 7 ದಿನದೊಳಗೆ ಲಿಖಿತ ಉತ್ತರ ಬೇಕು."

ಇಷ್ಟು ಕೊಟ್ಟ ಮೇಲೆ ಮೊದಲ ನಾಲ್ಕೈದು ಸುತ್ತಿನ ಪ್ರಶ್ನೆಗಳಿಗೆ ಅವಕಾಶವೇ ಉಳಿಯುವುದಿಲ್ಲ. ವಾರಂಟಿ ಇರುವಷ್ಟು ದಿನ ಸ್ಕ್ರೂ ಬಿಚ್ಚಬೇಡಿ. ಕಳಿಸುವಾಗ ಪಾಲಿಥೀನ್‌ನಲ್ಲಿ ಸುತ್ತಿ, ಸುತ್ತಲೂ ಎರಡಿಂಚು ಫೋಮ್ ಇಟ್ಟು, ಬಾಕ್ಸ್‌ನೊಳಗೆ ಬಾಕ್ಸ್ ಮಾಡಿ, ಬಿಲ್ ಮೊತ್ತಕ್ಕೆ ವಿಮೆ ಮಾಡಿಸಿ. ಜಿ29ರಲ್ಲಿ ವೀಲ್ 2.25 ಕೆಜಿ, ಪೆಡಲ್ 3.1 ಕೆಜಿ ತೂಗುತ್ತವೆ. ಕೆಟ್ಟದ್ದನ್ನಷ್ಟೇ ಕಳಿಸಬಹುದೇ ಎಂದು ಕೇಳಿದರೆ ಅರ್ಧ ಖರ್ಚು ಉಳಿಯುತ್ತದೆ.

ಉತ್ತರ ಬಾರದಿದ್ದರೆ ಮಳಿಗೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮುಂದಿನ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಊರಿನ ವ್ಯಾಪ್ತಿಯಲ್ಲೇ ದೂರು ಕೊಡಬಹುದು, ಕಂಪನಿ ಮುಂಬೈಯಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು. ಮಾರಿದವರು, ಆಮದುದಾರರು ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ವಾರಂಟಿ ಮುಗಿದ ಮೇಲೆ

ಪೆಡಲ್ ರಿಪೇರಿ ಮನೆಯಲ್ಲೇ ಆಗುವ ಕೆಲಸ. ಕೇಬಲ್ ಕಳಚಿ, ಅಡಿಯ ಸ್ಕ್ರೂ ಬಿಚ್ಚಿ, ಪಾಟ್‌ನ ಸಂದಿಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಹೊಡೆದು, ಪೆಡಲನ್ನು ಇಪ್ಪತ್ತು ಮೂವತ್ತು ಬಾರಿ ಆಡಿಸಿ ಆರಲು ಬಿಡಿ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದರ ಎಣ್ಣೆಗೆ ಧೂಳು ಅಂಟುತ್ತದೆ. ಮತ್ತೆ ಹಾರಾಟ ಶುರುವಾದರೆ ಪಟ್ಟಿ ಸವೆದಿದೆ. ಮಲ್ಟಿಮೀಟರನ್ನು ಪಾಟ್‌ನ ನಡುವಿನ ಕಾಲು ಮತ್ತು ಒಂದು ಬದಿಯ ಕಾಲಿಗೆ ಹಿಡಿದು ನಿಧಾನ ತಿರುಗಿಸಿದಾಗ ಅಂಕಿ ಹಾರಿದರೆ ಖಾತ್ರಿ. ಪಾಟ್ ಮೈಮೇಲಿನ ಬರಹ ನೋಡಿ ಅಷ್ಟೇ ಓಮ್‌ನದ್ದು ತನ್ನಿ. ಬಿ103 ಎಂದರೆ 10 ಕಿಲೋ ಓಮ್, ಲೀನಿಯರ್ (ತಿರುಗಿಸಿದಷ್ಟೂ ಸಮನಾಗಿ ಏರುವಂಥದ್ದು). ಶಾಫ್ಟ್‌ನ ಆಕಾರ, ಉದ್ದ ಕೂಡ ಹೊಂದಬೇಕು. ಬೆಸುಗೆ ಬಿಡಿಸುವ ಮುನ್ನ ಮೂರು ತಂತಿಗಳ ಬಣ್ಣದ ಫೋಟೋ ತೆಗೆಯಿರಿ, ಆಚೀಚೆಯ ಎರಡು ಅದಲುಬದಲಾದರೆ ಪೆಡಲ್ ತಿರುಗುಮುರುಗಾಗಿ ಓದುತ್ತದೆ.

ಎನ್‌ಕೋಡರ್ ಬಿಲ್ಲೆ ಬದಲಿಸುವುದು ಕೈ ಪಳಗಿದವರ ಕೆಲಸ. ವೀಲ್‌ನ ಮದರ್‌ಬೋರ್ಡ್ ಸುಟ್ಟಿದ್ದರೆ ಬಿಡಿಭಾಗ ಹುಡುಕುತ್ತಾ ದುಡ್ಡು ಸುರಿಯುವುದಕ್ಕಿಂತ ಪೆಡಲ್, ಅಡಾಪ್ಟರ್, ರಿಮ್‌ಗಳನ್ನು ಬಿಡಿಯಾಗಿ ಮಾರಿ. ಅವಕ್ಕೆ ಗಿರಾಕಿ ಇದ್ದೇ ಇದ್ದಾರೆ.