ಎಸಿ ಗ್ಯಾಸ್ ಎಲ್ಲಿಗೆ ಹೋಯ್ತು ಅಂತ ಕೇಳಿದ್ದೇ ಒಳ್ಳೇದಾಯ್ತು

ನಮ್ಮ ಮನೆ ಸುರತ್ಕಲ್‌ನಲ್ಲಿ, ಕಡಲಿಗೆ ತೀರಾ ಹತ್ತಿರ. ಅತ್ತೆಯ ಕೋಣೆಗೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ತಂದದ್ದು 2012ರಲ್ಲಿ. ಹೋದ ವರ್ಷ ಏಪ್ರಿಲ್‌ನಲ್ಲಿ ತಂಪು ಕಡಿಮೆಯಾಯಿತು. ಮೆಕ್ಯಾನಿಕ್ ಬಂದು, ಗ್ಯಾಸ್ ಖಾಲಿ ಎಂದು ತುಂಬಿಸಿ ಹೋದರು. ಈ ವರ್ಷ ಮಾರ್ಚ್‌ನಲ್ಲೇ ಮತ್ತೆ ಅದೇ ಪಾಡು. ಹೊರಗಿನ ಯೂನಿಟ್ ರಾತ್ರಿಯಿಡೀ ನಿಲ್ಲದೆ ಓಡುತ್ತಿತ್ತು, ಆದರೂ ಅತ್ತೆ ಬೆವರಿ ಎದ್ದು ಕೂರುತ್ತಿದ್ದರು.

ಎಸಿಯ ಗ್ಯಾಸ್ ಪೆಟ್ರೋಲ್ ಹಾಗೆ ಉರಿದು ಮುಗಿಯುವುದಿಲ್ಲ. ಪೈಪಿನೊಳಗೇ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರಿದೆ, ಅಲ್ವಾ? ಈ ಸಲ ಬೇರೆ ಮೆಕ್ಯಾನಿಕನ್ನು ಕರೆದು, "ಮೊದಲು ಸೋರುವ ಜಾಗ ತೋರಿಸಿ, ಆಮೇಲೆ ಗ್ಯಾಸ್ ಮಾತು" ಅಂದೆ.

ಅವರು ಪೈಪಿಗೆ ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚುತ್ತಾ ಬಂದರು. ಪೈಪು ಸೇರುವ ನಟ್‌ಗಳಲ್ಲಿ ಏನೂ ಇಲ್ಲ. ಅಲ್ಲೇ ಸೋರಿದ್ದರೆ ನಾನು ಖಂಡಿತ ರಿಪೇರಿ ಮಾಡಿಸುತ್ತಿದ್ದೆ, ಅದು ಸಣ್ಣ ಕೆಲಸ. ಹೊರಗಿನ ಯೂನಿಟ್‌ನ ಕಾಯಿಲ್ (ಗ್ಯಾಸ್ ಸುತ್ತುವ ಕೊಳವೆಗಳ ಸುರುಳಿ) ಮೇಲೆ ಮಾತ್ರ ಮೂರು ಕಡೆ ಸಣ್ಣ ಗುಳ್ಳೆ ಎದ್ದವು. ಪಕ್ಕದ ಅಲ್ಯೂಮಿನಿಯಂ ಎಲೆಗಳನ್ನು ಮುಟ್ಟಿದೆ, ಬೆರಳಿಗೆ ಬಿಳಿ ಪುಡಿ ಅಂಟಿತು.

"ಉಪ್ಪುಗಾಳಿ ಅಕ್ಕ. ಒಂದು ಕಡೆ ಬೆಸುಗೆ ಹಾಕಿದ್ರೆ ಪಕ್ಕದಲ್ಲಿ ತೂತಾಗ್ತದೆ," ಅಂದರು.

ಕಾಯಿಲ್ ಬದಲಿಸಬಹುದಿತ್ತು. ಆದರೆ ಅದು ಆರ್-22 ಗ್ಯಾಸಿನ ಮೆಷಿನ್. ಓಝೋನ್ ಪದರಕ್ಕೆ ಹಾನಿ ಅಂತ ಆ ಗ್ಯಾಸನ್ನು ಹಂತಹಂತವಾಗಿ ನಿಲ್ಲಿಸುತ್ತಿದ್ದಾರೆ. ಈಗ ಬರುವ ಆರ್-32 ಅನ್ನು ಹಳೆಯದಕ್ಕೆ ಸುಮ್ನೆ ತುಂಬುವ ಹಾಗಿಲ್ಲ, ಅದರ ಒತ್ತಡವೇ ಜಾಸ್ತಿ. ಹದಿಮೂರು ವರ್ಷದ ಕಂಪ್ರೆಸರ್‌ಗೆ ಹೊಸ ಕಾಯಿಲ್ ಹಾಕಿ ದುಡ್ಡು ಸುರಿಯಲು ನನಗೆ ಮನಸ್ಸು ಬರಲಿಲ್ಲ. ಹೊಸ ಎಸಿಯನ್ನೇ ತಂದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಆರಕ್ಕೆ ಕರೆಂಟ್ ಮೀಟರ್ ನೋಡಿ ಬರೆದಿಟ್ಟೆ. ಹಳೆಯ ಎಸಿ ಇದ್ದಾಗ ಒಂದು ರಾತ್ರಿಗೆ ಫ್ರಿಜ್, ಫ್ಯಾನ್ ಎಲ್ಲಾ ಸೇರಿ 15 ಯೂನಿಟ್. ಹೊಸ ಇನ್ವರ್ಟರ್ ಎಸಿ (ಬೇಕಾದಷ್ಟು ತಂಪಾದ ಮೇಲೆ ಕಂಪ್ರೆಸರ್ ವೇಗ ತಗ್ಗಿಸಿ ಓಡುವಂಥದ್ದು) ಬಂದ ಮೇಲೆ 7. ಗ್ಯಾಸ್ ಕಡಿಮೆಯಾಗಿ ಕಂಪ್ರೆಸರ್ ಕಟ್ ಆಗದೇ ಓಡಿದ್ದಕ್ಕೂ ಎಷ್ಟೊಂದು ಬಿಲ್ ಕಟ್ಟಿದ್ದೇವೆ ಅಂತ ಹೊಟ್ಟೆ ಉರಿಯಿತು.

ಹೊಸದನ್ನು ತರುವಾಗ ಪೂರ್ತಿ ತಾಮ್ರದ ಕಾಯಿಲ್, ಮೇಲೆ ಕೋಟಿಂಗ್ ಇರುವುದನ್ನೇ ಕೇಳಿ ತಂದೆ. ಹೊರಗಿನ ಯೂನಿಟ್ ಪಡುವಣ ಗೋಡೆಯಿಂದ ಮನೆಯ ಹಿಂದಿನ ಮೂಡಣ ಗೋಡೆಗೆ ಹೋಯಿತು, ಕಡಲಗಾಳಿ ನೇರ ಬಡಿಯದ ಕಡೆ. ತಿಂಗಳಿಗೆರಡು ಸಲ ಮೇನ್ ಆಫ್ ಮಾಡಿ, ಬಾವಿಯ ಸಿಹಿನೀರನ್ನು ಪೈಪಿನಲ್ಲಿ ಮೆಲ್ಲಗೆ ಬಿಟ್ಟು ಉಪ್ಪು ತೊಳೆಯುತ್ತೇನೆ.